ಬೆಳ್ಳುಳ್ಳಿ ಮುಟ್ಟದ ಬಾಯಿ

"ಥೂ, ಆಚೆ ನಿಂತ್ಕೊಳೇ! ಬುಟ್ಟಿಗಟ್ಲೆ ಬೆಳ್ಳುಳ್ಳಿ ಮುಕ್ಕಿ ಮನೆ ಬಾಗಿಲಿಗೆ ಬಂದಿದೀಯ!"

ಬದರೀನಾರಾಯಣ ಶಲ್ಯದಿಂದ ಮೂಗು ಮುಚ್ಚಿಕೊಂಡ. ಮುನಿಗಂಗಮ್ಮ ಬಸವನಗುಡಿಯ ಆ ಮನೆಯ ಮೆಟ್ಟಿಲಿಂದ ಕೆಳಗಿಳಿದಳು. ಬೆಳ್ಳುಳ್ಳಿಯಂತೆ! ಅದನ್ನು ನಾಲಗೆಗೆ ಸೋಕಿಸಿ ಎಷ್ಟು ಕಾಲವಾಯಿತೋ. ಗಂಡ ಬಚ್ಚಪ್ಪನೂ ಇದೇ ಮಾತು ಆಡಿ ಚಾಪೆ ಎತ್ತಿಕೊಂಡು ಜಗಲಿಗೆ ಹೋಗಿದ್ದ. ಒಗ್ಗರಣೆಗೂ ಬೆಳ್ಳುಳ್ಳಿ ಬಿಟ್ಟಳು, ಬೇವಿನ ಕಡ್ಡಿ ಜಗಿದಳು, ಉಪ್ಪು ತಿಕ್ಕಿದಳು. ಹಾಳು ವಾಸನೆ ಹೋಗಲಿಲ್ಲ, ಬೆವರಿಗೂ ಬಂತು.

ಅವಳು ಕೂಲಿಗೆ ಹೋಗುತ್ತಿದ್ದ ಬದರೀನಾರಾಯಣನ ಶೆಡ್ಡು ಕಾಟನ್‌ಪೇಟೆಯ ಸಂದಿಯಲ್ಲಿತ್ತು. ಅವೆನ್ಯೂ ರಸ್ತೆಯ ಜೆರಾಕ್ಸ್ ಅಂಗಡಿಯವರು ಎಸೆದ ಹಳೇ ಯಂತ್ರದ ಡ್ರಮ್ಮುಗಳ ಬೂದು ಲೇಪ ಹೆರೆದು, ಹುರಿದು, ಸಯನೈಡ್ ನೀರಲ್ಲಿ ಕರಗಿಸಬೇಕು. ಅದಕ್ಕೆ ಏನೋ ಬೆರೆಸಿದ ಸೀಮೆಎಣ್ಣೆ ಹೊಯ್ದು, ಪೀಪಾಯಿಯ ಬಾಯಿ ಬಿಗಿದು, ಇಬ್ಬರು ಹೆಂಗಸರು ತೊಟ್ಟಿಲಿನಂತೆ ತೂಗಬೇಕು. ನೀರಲ್ಲಿದ್ದ ಮಾಲು ಎಣ್ಣೆಗೆ ಏರುತ್ತದೆ. ಎಣ್ಣೆ ಬದರೀನಾರಾಯಣನಿಗೆ, ಗಾಳಿ ಇವರಿಗೆ.

ಮುನಿಗಂಗಮ್ಮನಿಗೆ ಈಗ ಅನ್ನ ಸೇರುತ್ತಿರಲಿಲ್ಲ. ಬಾಯೆಲ್ಲ ಒಣಗಿ ಕಬ್ಬಿಣ ನೆಕ್ಕಿದ ರುಚಿ. "ಯಾವ ಮಾಲು ಅಂತ ಗೊತ್ತಾಗದೆ ಏನ್ ಔಷಧಿ ಕೊಡ್ಲಮ್ಮ?" ಎಂದಿದ್ದರು ಆಸ್ಪತ್ರೆಯ ಡಾಕ್ಟರು. ಅದನ್ನು ಕೇಳಲೆಂದೇ ಅವಳು ಬಂದಿದ್ದಳು.

"ಅದ್ರ ಹೆಸ್ರು ಏಳ್ಬುಡಿ ಸಾಮಿ, ಒಂಟೋಯ್ತೀನಿ."

"ಇಂಗ್ಲಿಷ್ ಹೆಸ್ರು ಕಣೇ, ನಿನ್ನ ನಾಲಿಗೆ ತಿರುಗಲ್ಲ. ಬೆಳ್ಳುಳ್ಳಿ ಬಿಡು, ಎಲ್ಲಾ ಸರಿಹೋಗತ್ತೆ. ನಾಳೆ ಸತ್ಯನಾರಾಯಣ ಪೂಜೆ ಇದೆ, ಈ ಕಡೆ ತಲೆ ಹಾಕ್ಬೇಡ."

ಮರುದಿನ ಪೀಪಾಯಿಯ ಆಚೆ ಬದಿಗೆ ಕೂತಿದ್ದ ಸುಬ್ಬಮ್ಮ ತೂಗುತ್ತಲೇ ತೂಕಡಿಸಿದಳು. ಅವಳ ಉಸಿರಲ್ಲೂ ಅದೇ ವಾಸನೆ.

"ನಾನೂ ಬೆಳ್ಳುಳ್ಳಿ ಬುಟ್ಟೆ ಕಣಕ್ಕ," ಅಂದಳು ಸುಬ್ಬಮ್ಮ. "ಆದ್ರೂ ಮೊಮ್ಮಗು ಅತ್ರ ಬರಾಕಿಲ್ಲ ಅಂತದೆ."

ಮುನಿಗಂಗಮ್ಮ ತೂಗುವುದನ್ನು ನಿಲ್ಲಿಸಿದಳು. "ಬೋಳಿಮಗ! ವಿಸಾನೂ ನಮ್ಗೇ, ತಪ್ಪೂ ನಮ್ದೇನಾ? ಏಳೇ ಮೇಲೆ!"

ಪೂಜೆಯ ಮನೆ ತುಂಬ ನೆಂಟರು. ಇಬ್ಬರೂ ಯಾರನ್ನೂ ಕೇಳದೆ ಒಳಗೆ ಹೋಗಿ ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ತುಪ್ಪದ ಸಜ್ಜಿಗೆಯ ಘಮ ಎಲ್ಲಿ ಹೋಯಿತೋ!

"ಅಯ್ಯೋ ರಾಮ, ಪೂಜೆ ಮನೇಲಿ ಬೆಳ್ಳುಳ್ಳಿ!" ಯಜಮಾನನ ಅತ್ತೆ ಗೋದಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಪುರೋಹಿತರ ಕಥೆ ನಿಂತಿತು.

ಮಡಿಯಲ್ಲಿದ್ದ ಬದರೀನಾರಾಯಣ ಮುಟ್ಟಿ ಎಬ್ಬಿಸುವಂತಿಲ್ಲ. "ಎದ್ದೇಳ್ರೇ ಮುಂಡೇರಾ! ಪೊಲೀಸ್ ಕರೀತೀನಿ!" ಎಂದು ದೂರದಿಂದಲೇ ಕಿರುಚಿದ.

"ಕರೀರಿ. ಇದು ಬೆಳ್ಳುಳ್ಳಿ ಅಲ್ಲ, ನಿಮ್ ಶೆಡ್ಡಿನ್ ಮಾಲು. ದೇವ್ರ್ ಮುಂದೆ ಅದ್ರ ಹೆಸ್ರು ಏಳಿ, ಎದ್ದೋಯ್ತೀವಿ."

ನೆಂಟರೆಲ್ಲ ಅವನತ್ತ ತಿರುಗಿದರು. ಅವನು ಮತ್ತೆ ಶಲ್ಯದಿಂದ ಮೂಗು ಮುಚ್ಚಿಕೊಂಡ. ಮುನಿಗಂಗಮ್ಮ ಅವನ ಮುಖವನ್ನೇ ನೆಟ್ಟಗೆ ನೋಡುತ್ತ ಉದ್ದಕ್ಕೆ ಉಸಿರು ಬಿಟ್ಟಳು. ಪಕ್ಕದಲ್ಲಿ ಸುಬ್ಬಮ್ಮನೂ ಬಿಟ್ಟಳು.