ಸದ್ದು ತೆಗೆದದ್ದು

"ಏನೂ ಬರ್ತಾ ಇಲ್ವಲ್ಲಮ್ಮ," ಎಂದಳು ಮಗಳು, ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿಕೊಂಡು.

"ಸ್ವಲ್ಪ ತಾಳು, ಬರುತ್ತೆ. ಸಣ್ಣಗೆ, ತಂತಿ ಮೀಟಿದ ಹಾಗೆ."

ಅಮ್ಮ ಮೇಜಿನ ಆಚೆ ನಿಂತು, ಕೈ ಒರೆಸಿದ ಬಟ್ಟೆಯನ್ನು ಮಡಿಸುತ್ತ, ಒಂದು ಒಳ್ಳೆಯ ಮಾತಿಗೆ ಕಾಯುತ್ತಿದ್ದಳು. ಮೂರು ಸಂಜೆ ಸ್ಟುಡಿಯೋದಲ್ಲಿ ಉಳಿದು ಮಾಡಿದ ಕೆಲಸ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಆ ಜಾಗದಲ್ಲಿ ಅವಳದು ಇಪ್ಪತ್ತೆರಡು ವರ್ಷದ ನೌಕರಿ. ಹಾಳೆಯ ಸರಪರ, ಕುರ್ಚಿಯ ಕಿರುಗುಟ್ಟುವಿಕೆ, ಫ್ಯಾನಿನ ಗುಂಯ್, ಸೀನು, ಕೆಮ್ಮು ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವುದು ಅವಳ ಪಾಲಿನ ಕೆಲಸ. ಓದಲು ಬರುವವರು ಅವಳನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು.

ಮಗಳದು ಇದು ಮೊದಲ ಆಲ್ಬಮ್ಮು. ಅಪ್ಪ ದುಡಿಯುತ್ತಿದ್ದ ಎರಕದ ಕಾರ್ಖಾನೆ ಮುಚ್ಚುವ ವಾರ ರೆಕಾರ್ಡರ್ ಹಿಡಿದು ಅವನ ಹಿಂದೆಯೇ ಒಳಗೆ ಹೋಗಿದ್ದಳು. ಕುಲುಮೆಯ ಮೊರೆತ, ಸರಪಳಿಯ ಎಳೆದಾಟ, ಸುತ್ತಿಗೆ. ಅದನ್ನೆಲ್ಲ ಹಿಗ್ಗಿಸಿ, ಒಂದರ ಮೇಲೊಂದು ಹೇರಿ, ನಲವತ್ತು ನಿಮಿಷ ಮಾಡಿದ್ದಳು. ಶುರುವಿನ ಎರಡು ನಿಮಿಷ ಕೇಳಿಯೇ ಅಮ್ಮ "ಇದೇನೇ, ಮಿಕ್ಸಿಗೆ ಮೊಳೆ ಹಾಕಿದ ಹಾಗಿದೆ" ಎಂದು ಎದ್ದುಹೋಗಿದ್ದಳು. ಅಪ್ಪ ಮಾತ್ರ ಪೂರ್ತಿ ಕೇಳಿ, ನಕ್ಕು ನಕ್ಕು ಕೆಮ್ಮಿದ್ದ. "ಇದು ಹಾಡಲ್ಲ ಮಾರಾಯ್ತಿ, ನನ್ನ ಡ್ಯೂಟಿ!"

ಅವನು ತೀರಿಹೋಗಿ ಎಂಟು ತಿಂಗಳಾಗಿತ್ತು. ಕಾರ್ಖಾನೆ ಇದ್ದ ಜಾಗ ಈಗ ಮಟ್ಟಸವಾದ ಮಣ್ಣು.

ಹೋದ ವಾರ ಮಗಳು ಆಲ್ಬಮ್ಮಿದ್ದ ಡ್ರೈವನ್ನು ಅಮ್ಮನ ಕೈಯಲ್ಲಿಟ್ಟು ಹೇಳಿದ್ದು ಇಷ್ಟೆ: "ಇದಕ್ಕೆ ನಿನ್ನ ಕಿವೀನೇ ಬೇಕು. ಒಳಗಿರೋ ಸದ್ದೆಲ್ಲ ಚೆನ್ನಾಗಿ ತೆಗೆದುಕೊಡಮ್ಮ." ತನ್ನ ಕಸುಬು ಮಗಳಿಗೆ ಬೇಕಾದದ್ದು ಅದೇ ಮೊದಲು. ಅಮ್ಮ ಆ ದಿನ ಸ್ಟುಡಿಯೋದವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಗದ್ದಲದ ಅಡಿಯಲ್ಲಿ ಎಲ್ಲೋ ಹಾಡಿದೆ, ತೆಗೆದರೆ ಸಿಕ್ಕುತ್ತದೆ ಎಂದುಕೊಂಡಿದ್ದಳು. ಪದರ ಪದರವಾಗಿ ತೆಗೆಯುತ್ತ ಹೋದಾಗ ಕೊನೆಗೆ ಒಂದು ತೆಳು ಎಳೆ ಉಳಿದಿತ್ತು.

ಮಗಳು ಹೆಡ್‌ಫೋನ್ ಕೆಳಗಿಟ್ಟಳು.

"ಅಮ್ಮಾ, ದನಿ ತೆಗೆದು ಹಾಡು ಅಂತಾರಲ್ಲ, ನಾನು ಹೇಳಿದ್ದು ಆ ತೆಗೆಯೋದು."

ಮಡಿಸುತ್ತಿದ್ದ ಬಟ್ಟೆ ಅಮ್ಮನ ಕೈಯಲ್ಲಿ ನಿಂತಿತು.

"ನಾನು ಬಟ್ಟೆ ಕಲೆ ತೆಗೆಯೋ ಹಾಗೆ ಅಂದುಕೊಂಡೆನಲ್ಲೇ."

"ಹಳೇದು ಎಲ್ಲಿದೆ?"

"ಅದರ ಮೇಲೇ ಸೇವ್ ಮಾಡಿದೆ. ಎರಡೆರಡು ಇದ್ರೆ ಗೊಂದಲ ಅಂತ, ನಮ್ಮಲ್ಲಿ ಹಾಗೇ... ನಿನ್ನ ಕಂಪ್ಯೂಟರಿನಲ್ಲಿ ಇರುತ್ತಲ್ಲ?"

"ಅದು ಕೆಟ್ಟು ತಿಂಗಳಾಯ್ತು. ಉಳಿದಿದ್ದು ಇದೊಂದೇ."

ಅಮ್ಮ ಕುರ್ಚಿ ಹುಡುಕಿಕೊಂಡು ಕೂತಳು. ಇನ್ನೊಂದು ಸಲ ರೆಕಾರ್ಡ್ ಮಾಡೋಣ ಎನ್ನಲು ಹೊರಟವಳಿಗೆ ಆ ಮಟ್ಟಸವಾದ ಮಣ್ಣು ಕಣ್ಣ ಮುಂದೆ ಬಂತು.

"ಐದನೇ ಟ್ರ್ಯಾಕಿನಲ್ಲಿ ಅಪ್ಪನ ಕೆಮ್ಮಿತ್ತು," ಎಂದಳು ಮಗಳು ಮೇಜನ್ನು ನೋಡುತ್ತ. "ನಿನಗೆ ಹೇಳಿರಲಿಲ್ಲ. ನೀನೇ ಕಂಡುಹಿಡೀತೀಯ ಅಂತ."

ಅಮ್ಮನಿಗೆ ನೆನಪಾಯಿತು. ಇತ್ತು. ಧ್ವನಿಯ ಗೆರೆಯಲ್ಲಿ ಒತ್ತೊತ್ತಾಗಿ ಎರಡು ಉಬ್ಬು, ಅದರ ಹಿಂದೆ ಒಂದು ಸಣ್ಣದು. ಕೆಮ್ಮನ್ನು ಅವಳು ಕಿವಿಯಿಂದ ಗುರುತಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಪರದೆಯ ಮೇಲೆ ಆಕಾರ ಕಂಡರೆ ಸಾಕು, ಬೆರಳು ತಾನಾಗಿ ಓಡುತ್ತಿತ್ತು. ಇಪ್ಪತ್ತೇಳು ವರ್ಷ ಪಕ್ಕದಲ್ಲೇ ಮಲಗಿ ಕೇಳಿದ ಕೆಮ್ಮು. ಅದನ್ನು ಕೇಳದೆಯೇ ತೆಗೆದುಹಾಕಿದ್ದಳು.

"ಬೈದುಬಿಡೇ," ಎಂದಳು.

"ಇರ್ಲಿ ಬಿಡಮ್ಮ."

ಅಮ್ಮ ಹೆಡ್‌ಫೋನನ್ನು ಎಳೆದುಕೊಂಡು ಹಾಕಿಕೊಂಡಳು. ಮಗಳ ಕಿವಿಯ ಬಿಸಿ ಇನ್ನೂ ಅದರಲ್ಲಿತ್ತು. ಐದನೆಯದನ್ನು ಹಾಕಿ ಸದ್ದನ್ನು ಕೊನೆಯವರೆಗೂ ಏರಿಸಿದಳು. ಆ ತೆಳು ಎಳೆ ಹಾಡೂ ಆಗಿರಲಿಲ್ಲ. ಗದ್ದಲ ಕೆರೆದ ಜಾಗದಲ್ಲಿ ಯಂತ್ರ ಬಿಟ್ಟುಹೋಗುವ ಗೀರು. ಹೊಸದಾಗಿ ಸೇರಿದವರಿಗೆ ಅದನ್ನು ಅವಳೇ ತೋರಿಸಿಕೊಡುತ್ತಿದ್ದಳು.

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಫ್ರಿಜ್ಜು ಮೈ ನಡುಗಿಸಿಕೊಂಡು ಗುಂಯ್‌ಗುಡತೊಡಗಿತು. ತಾಯಿ ಮಗಳು ಇಬ್ಬರೂ ಅತ್ತ ತಿರುಗಿದರು. ಅದು ನಿಲ್ಲುವವರೆಗೂ ಅಲುಗದೆ ಕೇಳಿದರು.