ಕಿರಿಯವನ ಅಪ್ಪಣೆ

ಕೊರಿಯಾದ ಕಂಪ್ಯೂಟರ್ ಆಟಗಳ ಚರಿತ್ರೆಯನ್ನು ಮುಂದೆಂದಾದರೂ ಯಾರಾದರೂ ಬರೆಯುವುದಾದರೆ, ಆಗಸ್ಟ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಹತ್ತೂವರೆಗೆ ಇಲ್ಸಾನ್‌ನ ಒಂದು ಅಪಾರ್ಟ್‌ಮೆಂಟಿನ ಹದಿನೈದನೆಯ ಮಹಡಿಯಲ್ಲಿ ಎದ್ದ ಪ್ರಶ್ನೆಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕಾಗುತ್ತದೆ. ಪ್ರಶ್ನೆ ಇಷ್ಟೆ: ಥಾಕ್ ಗೊನ್ ಎಂಬ ಹುಡುಗನಿಗೆ ಕಡಲಪಾಚಿಯ ಸಾರು ಬಡಿಸಬೇಕೋ ಬೇಡವೋ.

ಅಂದು ಅವನಿಗೆ ಹದಿನೆಂಟು ತುಂಬಿತ್ತು. ಹುಟ್ಟುಹಬ್ಬದ ದಿನ ಪಾಚಿ ಸಾರು ಕುಡಿಯದವನನ್ನು ತಾಯಿ ಹೆತ್ತದ್ದೇ ಸುಳ್ಳು ಎಂದು ಲೆಕ್ಕ. ಅಂದೇ ಸಂಜೆ ಐದಕ್ಕೆ ಪಂದ್ಯವೂ ಇತ್ತು. ಪಂದ್ಯದ ದಿನ ಆ ಲೋಳೆಲೋಳೆ ಪಾಚಿ ಹೊಟ್ಟೆ ಸೇರಿದರೆ ಮನುಷ್ಯ ಜಾರಿ ಬೀಳುತ್ತಾನೆ ಎಂಬುದೂ ಅಷ್ಟೇ ಖಚಿತ. ಎರಡೂ ಶಾಸ್ತ್ರಗಳು ಒಂದೇ ತಟ್ಟೆಗೆ ಬಂದು ಕೂತಿದ್ದವು.

"ಅವರಮ್ಮ ನಿನ್ನೆ ಫೋನ್ ಮಾಡಿ ನನ್ ಕೈಲಿ ಮಾತು ತಗೊಂಡಿದಾರೆ. ನಾನ್ ಸುಳ್ ಹೇಳಲ್ಲಪ್ಪ," ಎಂದರು ಸೌಟು ಹಿಡಿದು ನಿಂತಿದ್ದ ಚಿಕ್ಕಮ್ಮ. ಅವರು ಅಲ್ಲಿದ್ದ ಯಾರಿಗೂ ಚಿಕ್ಕಮ್ಮನಲ್ಲ. ಆಟಗಾರರು ಒಟ್ಟಿಗೆ ಇರುವ ತಂಡದ ಮನೆಯಲ್ಲಿ ಅಡುಗೆ ಮಾಡುವವರನ್ನು ಎಲ್ಲರೂ ಹಾಗೆ ಕರೆಯುತ್ತಾರೆ.

"ಚಿಕ್ಕಮ್ಮ, ಇವತ್ತೊಂದಿನ ಬಿಟ್ಬಿಡಿ," ಬಾಂಗ್ ಕೋಚ್ ಅಂಗಲಾಚಿದರು. "ನಾಳೆ ಬೇಕಾದ್ರೆ ಅವನಿಗೆ ಪಾಚೀಲೇ ಸ್ನಾನ ಮಾಡ್ಸಿ."

"ಪಾಚಿ ಎತ್ತಿಟ್ಟು ಬರೀ ತಿಳಿ ಕೊಡಿ," ಎಂದ ಆಟದಲ್ಲಿ ಬಿಲ್ಲುಗಾರನ ಪಾತ್ರ ಆಡುವ ಮುಯೊಲ್. "ಅರ್ಧ ಹುಟ್ಟಿದ ಹಾಗೂ ಆಯ್ತು, ಅರ್ಧ ಜಾರಿದ ಹಾಗೂ ಆಯ್ತು."

ಕೊನೆಗೆ ಹುಟ್ಟಿದವನನ್ನೇ ಕೇಳಿದರು. ಗೊನ್ ಎರಡೂ ಕೈ ಮುಂದೆ ಕಟ್ಟಿಕೊಂಡು ನಿಂತ. "ಅಣ್ಣಂದಿರು ಹೇಗ್ ಹೇಳ್ತೀರೋ ಹಾಗೆ."

ಎಲ್ಲರ ಕಣ್ಣೂ ನಾಯಕನತ್ತ ತಿರುಗಿತು. ಪ್ಯೊ ಇನ್ಸು ತಾನು ಉಣ್ಣುತ್ತಿದ್ದ ಅನ್ನದಿಂದ ತಲೆ ಎತ್ತದೆ ತೀರ್ಪು ಕೊಟ್ಟ. "ಬೇಡ. ಮೊಳಕೆ ಸಾರು ಮಾಡಿ."

"ಆಯ್ತಣ್ಣ," ಎಂದ ಗೊನ್. ಹಾಗೆ ಹೇಳುವ ಮೊದಲು ಅವನು ಒಲೆಯ ಮೇಲಿದ್ದ ಪಾತ್ರೆಯ ಕಡೆ ಒಮ್ಮೆ ನೋಡಿದ್ದು ಇನ್ಸುವಿನ ಕಣ್ಣಿಗೆ ಬಿತ್ತು. ಆದರೆ ಅವನೇನೂ ಕೇಳಲಿಲ್ಲ. ಕೇಳುವುದು ಅವನ ಕೆಲಸವೂ ಆಗಿರಲಿಲ್ಲ. ಒಂಬತ್ತು ವರ್ಷಗಳಿಂದ ಆ ತಂಡದಲ್ಲಿ ಹೇಳುವುದು ಇನ್ಸುವಿನ ಕೆಲಸ, ಕೇಳುವುದು ಉಳಿದವರದು.

ಇನ್ಸುವಿಗೆ ಇಪ್ಪತ್ತೇಳು. ಬೇರೆ ಕಡೆ ಇದು ಮದುವೆಯ ಮಾತು ಶುರುವಾಗುವ ವಯಸ್ಸು. ಈ ವೃತ್ತಿಯಲ್ಲಿ ಮೊಣಕೈಗೆ ಬಿಸಿ ಪಟ್ಟಿ ಕಟ್ಟಿಕೊಂಡು ಹಳೆಯ ಕತೆ ಹೇಳುವ ವಯಸ್ಸು. ಸೈನ್ಯದ ಕಚೇರಿಯಿಂದ ಬಂದ ಕಡ್ಡಾಯ ಸೇವೆಯ ಕಾಗದ ಅವನ ಮೇಜಿನ ಡ್ರಾಯರಿನಲ್ಲಿತ್ತು. ಮುಂದೂಡಲು ಇದ್ದ ಕಾರಣಗಳನ್ನೆಲ್ಲ ಅವನು ಒಂದೊಂದಾಗಿ ಖರ್ಚು ಮಾಡಿ ಮುಗಿಸಿದ್ದ. ನವೆಂಬರಿನಲ್ಲಿ ಹೊರಡಲೇಬೇಕು. ಹದಿನೆಂಟು ತಿಂಗಳು ಕಳೆದು ವಾಪಸು ಬರುವಷ್ಟರಲ್ಲಿ ಅವನ ಕುರ್ಚಿಯಲ್ಲಿ ಈಗ ಮಾಧ್ಯಮಿಕ ಶಾಲೆಯಲ್ಲಿರುವ ಯಾವನೋ ಕೂತಿರುತ್ತಾನೆ. ವಿಶ್ವ ಪಂದ್ಯಾವಳಿ ಇರುವುದು ಅಕ್ಟೋಬರಿನಲ್ಲಿ. ಅಲ್ಲಿಗೆ ಹೋಗುವ ಕೊನೆಯ ಒಂದು ಸ್ಥಾನಕ್ಕಾಗಿ ಆ ಸಂಜೆಯ ಪಂದ್ಯ. ಹಿಂದೆ ಮೂರು ಸಲ ಇನ್ಸು ಇದೇ ಬಾಗಿಲವರೆಗೆ ಬಂದು, ಮೂರು ಸಲವೂ ಚಪ್ಪಲಿ ಹಾಕಿಕೊಂಡು ವಾಪಸು ಹೋಗಿದ್ದ. ನಾಲ್ಕನೆಯ ಸಲ ಎಂಬುದು ಇದೊಂದೇ. ಐದನೆಯದು ಇಲ್ಲ.

ಆಟ ಹೇಳುವುದಕ್ಕೆ ಸುಲಭ. ಈ ಕಡೆ ಐದು ಜನ, ಆ ಕಡೆ ಐದು ಜನ, ನಡುವೆ ಕಾಡು, ಎರಡು ತುದಿಗೆ ಎರಡು ಕೋಟೆ. ಎದುರಿನ ಕೋಟೆ ಕೆಡವಿದವರು ಗೆದ್ದರು. ಸತ್ತವರು ಒಂದು ನಿಮಿಷ ಕಳೆದು ತಮ್ಮ ಕೋಟೆಯಲ್ಲಿ ಎದ್ದು ಬರುತ್ತಾರೆ. ಇನ್ಸುವಿನದು ಗುರಾಣಿ ಹಿಡಿದು ಮುಂದೆ ನಿಲ್ಲುವ ವೀರನ ಪಾತ್ರ. ಗೊನ್‌ನದು ಕಾಡಿನಲ್ಲಿ ಅಲೆದು ಎಲ್ಲರಿಗಿಂತ ಮೊದಲು ಎಲ್ಲವನ್ನೂ ನೋಡುವ ಬೇಹುಗಾರನ ಪಾತ್ರ. ನೋಡುವುದರಲ್ಲಿ ಅವನನ್ನು ಮೀರಿಸುವವರು ದೇಶದಲ್ಲೇ ಇರಲಿಲ್ಲ. ಹೇಳುವುದರಲ್ಲಿ ಮಾತ್ರ ಮೂಗನಿಗಿಂತ ಕಡೆ. ಅಪಾಯ ಕಂಡರೆ ಅವನ ಬಾಯಿಂದ ಮೊದಲು ಬರುತ್ತಿದ್ದುದು, "ಅಣ್ಣಾ, ಅದು... ನಂಗನ್ಸುತ್ತೆ, ತಪ್ಪಾದ್ರೆ ಕ್ಷಮಿಸಿ." ಅಷ್ಟರಲ್ಲಿ ಅಣ್ಣ ಸತ್ತಿರುತ್ತಿದ್ದ.

ಇದಕ್ಕಾಗಿ ಬಾಂಗ್ ಕೋಚ್ ವಸಂತದಲ್ಲೇ ಕಾನೂನು ಮಾಡಿದ್ದರು: ಆಟ ನಡೆಯುವಾಗ ಅಣ್ಣ ಇಲ್ಲ, ತಮ್ಮ ಇಲ್ಲ, ಬಹುವಚನ ಇಲ್ಲ. ಬರೀ ಹೆಸರು, ಬರೀ ಕೆಲಸ. ಬೇರೆ ತಂಡಗಳಲ್ಲೂ ಇರುವ ಕಾನೂನೇ. ಯಾರಾದರೂ 'ಅಣ್ಣ' ಅಂದರೆ ಐವರೂ ಎದ್ದು ಹತ್ತು ಬಸ್ಕಿ ಹೊಡೆಯಬೇಕು. ಗೊನ್‌ನ ಮರ್ಯಾದೆಯ ದೆಸೆಯಿಂದ ಐವರ ತೊಡೆಗಳೂ ಆ ಬೇಸಿಗೆಯಲ್ಲಿ ಪೈಲ್ವಾನರ ತೊಡೆಗಳಂತಾಗಿದ್ದವು. ಇನ್ಸು ಏದುಸಿರು ಬಿಡುತ್ತಾ ಬಸ್ಕಿ ಹೊಡೆಯುವುದನ್ನು ನೋಡಿ ಹುಡುಗ, "ತಪ್ಪಾಯ್ತಣ್ಣ," ಎನ್ನುತ್ತಿದ್ದ. ಅದಕ್ಕೆ ಇನ್ನೂ ಹತ್ತು.

ಸಂಜೆ ಐದಕ್ಕೆ ಸಭಾಂಗಣ ತುಂಬಿತ್ತು. ಎದುರಿಗೆ ಪಾದೊ ತಂಡ. ಐದು ಆಟಗಳಲ್ಲಿ ಮೂರು ಗೆದ್ದವರು ಅಕ್ಟೋಬರಿಗೆ. ಮೊದಲನೆಯದು ಪಾದೊ ಗೆದ್ದಿತು. ಎರಡು, ಮೂರು ಇನ್ಸುವಿನ ತಂಡಕ್ಕೆ ಬಂದವು. ಮೂರನೆಯದು ಮುಗಿದಾಗ ಇನ್ಸು ಕೋಚ್ ತಂದುಕೊಟ್ಟ ಬಿಸಿ ಚೀಲವನ್ನು ಎರಡೂ ಅಂಗೈಗಳ ನಡುವೆ ಒತ್ತಿಕೊಂಡು ಕೂತ. ಇನ್ನೊಂದು. ಇನ್ನೊಂದೇ ಒಂದು.

ನಾಲ್ಕನೆಯದರ ಇಪ್ಪತ್ತಾರನೆಯ ನಿಮಿಷದಲ್ಲಿ ಕಾಡಿನ ನಡುವಿನ ದೊಡ್ಡ ಮೃಗವನ್ನು ಹೊಡೆಯಲು ಇನ್ಸು ಎಲ್ಲರನ್ನೂ ಕರೆದ. ಅದನ್ನು ಕೊಂದವರಿಗೆ ದುಪ್ಪಟ್ಟು ಬಲ. "ಮುಯೊಲ್ ಎಡಕ್ಕೆ ಬಾ, ಇನ್ನೂ ಎಡಕ್ಕೆ. ಉಳಿದವರು ನನ್ನ ಹಿಂದೆ. ನಾನ್ ಮೂರು ಎಣಿಸ್ತೀನಿ, ಮೂರಕ್ಕೆ ಎಲ್ಲಾರೂ ಒಟ್ಟಿಗೆ..." ಎಂದು ಅವನು ಹೇಳುತ್ತಲೇ ಇದ್ದ. ಮೂರು ಎಣಿಸಿಯೂ ಆಯಿತು. ಆಮೇಲೆ ಕಿವಿಯ ಹೆಡ್‌ಫೋನಿನಲ್ಲಿ ಗೊನ್‌ನ ದನಿ ಕೇಳಿಸಿತು: "ಹಿಂದೆ ಪೊದೇಲಿ ಅವ್ರಿದಾರೆ."

ಇದ್ದರು. ಐವರೂ ಇದ್ದರು. ಹನ್ನೊಂದು ಸೆಕೆಂಡಿನಲ್ಲಿ ಇನ್ಸುವಿನ ಕಡೆಯ ನಾಲ್ವರು ಸತ್ತರು, ಮೂರು ನಿಮಿಷದಲ್ಲಿ ಕೋಟೆ ಬಿತ್ತು. ಎರಡು–ಎರಡು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಎಂಟು ನಿಮಿಷ ವಿರಾಮ. ಯಾರೂ ಬಾಳೆಹಣ್ಣಿಗೆ ಕೈ ಹಾಕಲಿಲ್ಲ. ಗೊನ್ ಗೋಡೆಗೆ ಒತ್ತಿ ನಿಂತು ತಲೆ ತಗ್ಗಿಸಿದ್ದ.

"ಪೊದೇಲಿರೋದು ಯಾವಾಗ ಕಂಡಿದ್ದು ನಿಂಗೆ?" ಇನ್ಸು ಕೇಳಿದ.

"ಮೊದ್ಲೇ ಕಂಡಿತ್ತಣ್ಣ."

"ಮೊದ್ಲು ಅಂದ್ರೆ?"

"ಅಣ್ಣ 'ಮುಯೊಲ್ ಎಡಕ್ಕೆ' ಅಂದ್ರಲ್ಲ, ಆಗ."

"ಮತ್ಯಾಕೋ ಹೇಳ್ಲಿಲ್ಲ?"

ಹುಡುಗನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ಅಣ್ಣ ಮಾತಾಡ್ತಾ ಇದ್ರಿ," ಎಂದ.

ಇನ್ಸುವಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ನಿಚ್ಚಳ ಭಯ. ಮಾತು ಮುಗಿಯುವವರೆಗೆ ಕಾಯುವ ಬೇಹುಗಾರನನ್ನು ಇಟ್ಟುಕೊಂಡು ಐದನೆಯ ಆಟ ಗೆಲ್ಲಲಾಗದು. ಅವನನ್ನು ಬದಲಿಸಲು ಎಂಟು ನಿಮಿಷ ಸಾಲದು. ಹಾಗಾದರೆ ಬದಲಿಸಬೇಕಾದದ್ದು ಮಾತನ್ನು.

"ಈ ಆಟ ನೀನು ಹೇಳು," ಎಂದ ಇನ್ಸು. "ನಾನು ಬಾಯಿ ಬಿಡಲ್ಲ."

"ಅಣ್ಣ ಬಾಯಿ ಬಿಡಲ್ವಂತೆ," ಎಂದ ಮುಯೊಲ್ ಕೋಚ್ ಕಡೆ ತಿರುಗಿ. "ಡಾಕ್ಟರನ್ನ ಕರೆಸಿ ಸಾರ್."

"ಆಗಲ್ಲಣ್ಣ," ಎಂದ ಗೊನ್.

"ಆಗಲ್ಲ ಅನ್ನೋದಕ್ಕೂ ಒಂದು ಅಣ್ಣ ಅಂಟಿಸ್ತೀಯಲ್ಲೋ. ನನ್ ಹೆಸರು ಹಿಡಿದು ಕರಿ."

ಗೊನ್ ಕೋಚ್‌ರನ್ನು ನೋಡಿದ, ಮುಯೊಲ್‌ನನ್ನು ನೋಡಿದ. ಯಾರೂ ಸಹಾಯಕ್ಕೆ ಬರಲಿಲ್ಲ.

"ಕರಿ ಅಂದೆ."

"ಇನ್ಸು," ಎಂದ ಹುಡುಗ ನೆಲಕ್ಕೆ.

"ನಾನು ಮೇಲಿದೀನಿ."

"ಇನ್ಸು."

ಎಲ್ಲರೂ ನಕ್ಕರು, ಇನ್ಸುವೂ ನಕ್ಕ. "ನೋಡು, ಎಷ್ಟು ಸುಲಭ," ಎಂದು ಹುಡುಗನ ಬೆನ್ನು ತಟ್ಟಿದ. ತನ್ನ ಕತ್ತಿನ ಹಿಂದೆ ಯಾಕೋ ಬೆಚ್ಚಗಾದಂತಾಯಿತು. ಕೋಣೆಯ ಎಸಿ ಸರಿಯಿಲ್ಲ ಅಂದುಕೊಂಡ.

ಐದನೆಯ ಆಟದ ಮೊದಲ ಹತ್ತು ನಿಮಿಷ ಗೊನ್‌ನ ದನಿ ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. ಹದಿನೈದಕ್ಕೆ ಅದು ಮೇಲೆ ಬಂತು. ಇಪ್ಪತ್ತಕ್ಕೆ ಅದು ಇನ್ಸು ಹಿಂದೆಂದೂ ಕೇಳಿರದ ದನಿಯಾಗಿತ್ತು. ಮಾತು ಚಿಕ್ಕದಾಗಿತ್ತು, ಅನುಮಾನ ಇರಲಿಲ್ಲ. "ಮುಯೊಲ್, ಬಿಡು ಅದನ್ನ." "ಇನ್ಸು, ಹಿಂದೆ." "ಇನ್ಸು, ಈಗ ಹೋಗು." ಇನ್ಸು ಹಿಂದೆ ಸರಿದ, ಹೋದ. ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದ. ಎರಡು ಸಲ ಹೇಳಬೇಕೆನಿಸಿದ್ದನ್ನು ನುಂಗಿದ. ಎರಡು ಸಲವೂ ಹುಡುಗ ಹೇಳಿದ್ದೇ ಸರಿಯಾಗಿತ್ತು. ಇದು ಸಮಾಧಾನ ಕೊಡಬೇಕಾದ ಸಂಗತಿ, ಕೊಟ್ಟಿತು ಕೂಡ, ಬಹುಮಟ್ಟಿಗೆ.

ಮೂವತ್ತಮೂರನೆಯ ನಿಮಿಷ. ಪಾದೊ ತಂಡದ ಐವರೂ ಕಾಡಿನ ಮೃಗದ ಹತ್ತಿರ ಸೇರಿದ್ದರು. ಅದನ್ನು ಕೊಂದರೆ ಆಟ ಅವರದು. ತಡೆಯಲು ಹೋಗುವುದು ರೂಢಿ. ಗೊನ್ ಹೋಗಲಿಲ್ಲ.

"ಮೃಗ ಅವ್ರಿಗೇ ಇರ್ಲಿ. ನಾವು ನಾಲ್ಕು ಜನ ಕೋಟೆಗೆ. ಇನ್ಸು, ಕಣಿವೇಲಿ ನಿಲ್ಲು."

ಸಭಾಂಗಣ ಎದ್ದು ನಿಂತಿತು. ಆಟಗಾರರು ಕೂತಿದ್ದ ಗಾಜಿನ ಕೋಣೆಯ ಒಳಗೂ ಆ ಗದ್ದಲ ಕುರ್ಚಿಯ ಕಾಲುಗಳಲ್ಲಿ ಹತ್ತಿ ಬಂತು. ನಾಲ್ವರು ಎದುರಿನ ಖಾಲಿ ಕೋಟೆಗೆ ಮುತ್ತಿದರು. ಕೋಟೆಯ ಜೀವ ಅರ್ಧಕ್ಕೆ ಇಳಿಯಿತು, ಕಾಲು ಭಾಗಕ್ಕೆ ಇಳಿಯಿತು. ಪಾದೊದವರಿಗೆ ಮೋಸ ಹೊಳೆಯಿತು. ಮೃಗವನ್ನು ಬಿಟ್ಟು ಐವರೂ ಮನೆಯ ಕಡೆ ಓಡಿದರು. ಮನೆಗೆ ದಾರಿ ಒಂದೇ, ಆ ಇಕ್ಕಟ್ಟಾದ ಕಣಿವೆ. ಕಣಿವೆಯಲ್ಲಿ ಗುರಾಣಿ ಹಿಡಿದ ಇನ್ಸು ಒಬ್ಬನೇ.

ಅವನಿಗೆ ಎರಡು ದಾರಿ ಇತ್ತು. ಜಿಗಿತದ ಗುಂಡಿ ಒತ್ತಿದರೆ ವೀರ ಬಂಡೆಯ ಮೇಲೆ ಹಾರಿ ಬದುಕುತ್ತಾನೆ, ದಾರಿ ತೆರವಾಗುತ್ತದೆ. ಒತ್ತದೆ ನಿಂತರೆ ಐವರ ಏಟಿಗೆ ಮೂರು ಸೆಕೆಂಡಿನಲ್ಲಿ ಸಾಯುತ್ತಾನೆ. ಕೋಟೆ ಬೀಳಲು ಬೇಕಾಗಿದ್ದದ್ದು ಆ ಮೂರು ಸೆಕೆಂಡು. ಲೆಕ್ಕ ಎಲ್ಲರಿಗಿಂತ ಮೊದಲು ಗೊನ್‌ಗೆ ಬಂತು.

"ಇನ್ಸು, ಜಿಗೀಬೇಡ. ಸಾಯಿ ಅಲ್ಲೇ."

ಈ ಆಟದಲ್ಲಿ ಸಾಯುವುದು ದೊಡ್ಡ ಮಾತಲ್ಲ. ಅಭ್ಯಾಸದ ದಿನ ನಲವತ್ತು ಸಲ ಸಾಯುತ್ತಾರೆ, ಸತ್ತು ಮೂಗು ಒರೆಸಿಕೊಳ್ಳುತ್ತಾರೆ. ಒಂಬತ್ತು ವರ್ಷಗಳಲ್ಲಿ ಇನ್ಸು ತನಗಿಂತ ಚಿಕ್ಕವರಿಗೆ "ಹೋಗ್ ಸಾಯೋ" ಎಂದು ಅದೆಷ್ಟು ಸಾವಿರ ಸಲ ಹೇಳಿದ್ದನೋ. ಅವರು ಹೋಗಿ ಸತ್ತು, ತಂಡ ಗೆದ್ದು, ರಾತ್ರಿ ಒಟ್ಟಿಗೆ ಕೋಳಿ ತಿಂದಿದ್ದಾರೆ. ಇನ್ಸುವಿಗೆ ಯಾರೂ ಹೇಳಿರಲಿಲ್ಲ. ವಸಂತದಿಂದ ಆಗಸ್ಟ್‌ವರೆಗೆ ಹೊಡೆದ ಬಸ್ಕಿಗಳೆಲ್ಲ ಹುಡುಗನ ನಾಲಿಗೆಯನ್ನು ಪಳಗಿಸಲಿಕ್ಕಾಗಿ. ನಾಯಕನ ಕಿವಿಗೂ ಅಭ್ಯಾಸ ಬೇಕು ಎಂಬುದು ಕೋಚ್‌ಗೆ ಹೊಳೆದಿರಲಿಲ್ಲ, ನಾಯಕನಿಗಂತೂ ಹೊಳೆಯುವ ಮಾತೇ ಇಲ್ಲ.

ಏನಂದೆ, ಎಂದಿತು ಅವನ ಮನಸ್ಸು. ಯಾರಿಗೆ ಹೇಳ್ತಾ ಇದೀಯಾ.

ಅರ್ಧ ಸೆಕೆಂಡು ಅಷ್ಟೆ. ಮನಸ್ಸು ಹುಡುಗನ ಕಡೆ ತಿರುಗಿದ ಆ ಅರ್ಧ ಸೆಕೆಂಡಿನಲ್ಲಿ ಕೈಗೆ ಯಜಮಾನ ಇರಲಿಲ್ಲ. ಯಜಮಾನ ಇಲ್ಲದ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಐದು ಕತ್ತಿಗಳು ಎದುರು ಬಂದಾಗ ಒಂಬತ್ತು ವರ್ಷಗಳಿಂದ ಮಾಡುತ್ತಿದ್ದದ್ದನ್ನೇ ಮಾಡಿತು. ಗುಂಡಿ ಒತ್ತಿತು.

ವೀರ ಚೆಂದವಾಗಿ ಬಂಡೆಯ ಮೇಲೆ ಹಾರಿ ನಿಂತ. ಕೆಳಗೆ ಐವರು ಒಬ್ಬರ ಹಿಂದೊಬ್ಬರು ದಾಟಿ ಹೋದರು. ಇನ್ಸು ತಿರುಗಿ ಅವರ ಬೆನ್ನ ಮೇಲೆ ಧುಮುಕುವಷ್ಟರಲ್ಲಿ ಅವರು ತಮ್ಮ ಕೋಟೆಯ ಅಂಗಳದಲ್ಲಿದ್ದರು. ಕೋಟೆಗೆ ಉಳಿದಿದ್ದದ್ದು ಎರಡು ಏಟಿನ ಜೀವ. ಮುಯೊಲ್ ಒಂದು ಬಾಣ ಬಿಟ್ಟ. ಇನ್ನೊಂದು ಬಿಡುವ ಮೊದಲು ಸತ್ತ. ಆಮೇಲೆ ಗೊನ್, ಆಮೇಲೆ ಉಳಿದಿಬ್ಬರು. ಪಾದೊದವರು ಮೈ ಕೊಡವಿಕೊಂಡು, ಸತ್ತವರು ಎದ್ದು ಬರುವ ಮೊದಲೇ, ಕಾಡು ದಾಟಿ ಈ ಕಡೆ ಬಂದರು. ಇನ್ಸುವಿನ ಕೋಟೆ ಬೀಳುವಾಗ ಅದರ ಮುಂದೆ ಅವನ ಗುರಾಣಿವೀರ ಒಬ್ಬನೇ ನಿಂತಿದ್ದ. ಅವನ ಜೀವ ಮುಕ್ಕಾಲು ಪಾಲು ಹಾಗೇ ಇತ್ತು.



"ತಪ್ಪಾಯ್ತಣ್ಣ," ಎಂದಿತು ಕಿವಿಯಲ್ಲಿ ಒಂದು ದನಿ. ಮತ್ತೆ ಬಾವಿಯ ತಳದಿಂದ.

ಇನ್ಸು ಕಿವಿಯ ಮೇಲಿದ್ದದ್ದನ್ನು ತೆಗೆದಿಟ್ಟು ಪಕ್ಕಕ್ಕೆ ನೋಡಿದ. ಹುಡುಗ ಎದ್ದು ನಿಂತು ಕೈ ಕಟ್ಟಿಕೊಂಡಿದ್ದ. "ನಿಂದೇನೋ ತಪ್ಪು?"

"ಅಣ್ಣಂಗೆ ಹಾಗ್ ಹೇಳ್ಬಾರ್ದಿತ್ತು."

"ಹೇಳಿದ್ದು ಸರಿ ಇತ್ತು," ಎಂದ ಇನ್ಸು. "ನಾನು ಜಿಗಿದೆ."

"ಅಣ್ಣ ಏನೋ ಲೆಕ್ಕ ಹಾಕೇ ಜಿಗಿದಿರ್ತೀರಿ."

ಇನ್ಸು ಅವನ ಮುಖವನ್ನೇ ನೋಡಿದ. ಅಣಕ ಇರಲಿಲ್ಲ. ಹುಡುಗ ಅದನ್ನು ನಿಜವೆಂದೇ ನಂಬಿದ್ದ.

"ಯಾವ ಲೆಕ್ಕಾನೂ ಇರ್ಲಿಲ್ಲ ಕಣೋ," ಎಂದ ಇನ್ಸು. ಅಷ್ಟರಲ್ಲಿ ಪಾದೊ ತಂಡದವರು ಕೈ ಕುಲುಕಲು ಸಾಲಾಗಿ ಬಂದಿದ್ದರು. ಅವನು ಎದ್ದು, ಐವರಿಗೂ ತಲೆ ಬಾಗಿಸಿ ಕೈ ಕೊಟ್ಟ.

ಪಂದ್ಯವನ್ನು ಪಾದೊ ತಂಡ ಮೂರು–ಎರಡರಿಂದ ಗೆದ್ದು ಅಕ್ಟೋಬರಿನ ಸ್ಥಾನ ಪಡೆಯಿತು. ಪ್ಯೊ ಇನ್ಸು ನವೆಂಬರ್ ಹದಿನೆಂಟರಂದು ನೊನ್ಸಾನ್‌ನ ಸೈನ್ಯದ ತರಬೇತಿ ಶಿಬಿರಕ್ಕೆ ಹಾಜರಾದ.