ಹದಿನಾರು ಸಾಲಿನ ಉಸಿರು

ನನ್ನ ಕ್ಲಾಡೆಟ್ ಅತ್ತೆಯ ಬ್ಯೂಟಿ ಪಾರ್ಲರಿಗೆ ಸೋಮವಾರ ರಜೆ. ಅಮೆರಿಕದ ಮೆಂಫಿಸ್‌ನಲ್ಲಿ ನಮ್ಮ ಕಪ್ಪು ಜನರ ಪಾರ್ಲರುಗಳೆಲ್ಲ ಹಾಗೇ. ಹಾಗಾಗಿ ನಮ್ಮ ಎರಡನೆಯ ಆಲ್ಬಂ ಆದದ್ದೆಲ್ಲ ಸೋಮವಾರಗಳಲ್ಲೇ. ಉಳಿದ ದಿನ ಕೂದಲು ಒಣಗಿಸುವ ಯಂತ್ರಗಳ ಗದ್ದಲದಲ್ಲಿ ಯಾರ ರ‍್ಯಾಪು ಯಾರಿಗೆ ಕೇಳಬೇಕು? ಹಿಂದಿನ ಕೋಣೆಯಲ್ಲಿ ಶಾಂಪೂ ಡಬ್ಬಗಳ ನಡುವೆ ಎಂಟು ದನಿ ಬೇರೆಬೇರೆಯಾಗಿ ಹಿಡಿಯುವ ಎಂಟು ಟ್ರ್ಯಾಕಿನ ಟೇಪ್ ಯಂತ್ರ, ಒಂದು ಮೈಕು, ನಾನು, ಗೆಳೆಯ ಡಿವಿಟ್. ಅಷ್ಟೇ ನಮ್ಮ ಸ್ಟುಡಿಯೋ.

ಡಿವಿಟ್‌ಗೆ ಹುಟ್ಟಿನಿಂದ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ನೋವು ಬಂತೆಂದರೆ ವಾರಗಟ್ಟಲೆ ಆಸ್ಪತ್ರೆ. ಬರದಿದ್ದಾಗಲೂ ಉಸಿರು ಗಿಡ್ಡ. ಉದ್ದ ಸಾಲು ಹಿಡಿದರೆ ಕೊನೆಯ ಪದದ ಹೊತ್ತಿಗೆ ಎದೆ ಖಾಲಿ. ಶಾಲೆಯ ದಿನಗಳಿಂದಲೂ ಆ ಕೊನೆಯ ಪದ ಹೇಳುತ್ತಿದ್ದವನು ನಾನು. ಮೊದಲ ಆಲ್ಬಂ ಬಂದಾಗ ಜನ ಅದನ್ನೇ ನಮ್ಮ ಸ್ಟೈಲು ಅಂದರು. ಊರ ಹುಡುಗರೆಲ್ಲ ಜೋಡಿ ಕಟ್ಟಿಕೊಂಡು, ಒಬ್ಬ ಸಾಲು ಹೇಳಿ ಇನ್ನೊಬ್ಬ ಮುಗಿಸುವುದನ್ನು ಶುರುಮಾಡಿದರು.

"ನನ್ ಕಾಯಿಲೇನೂ ಫ್ಯಾಷನ್ ಆಯ್ತಲ್ಲೋ ಲವೆಲ್" ಎಂದು ಡಿವಿಟ್ ನಗುತ್ತಿದ್ದ.

ಒಂದು ಮಾತು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನಾನಿಲ್ಲದೆ ಅವನ ಸಾಲು ಮುಗಿಯುವುದಿಲ್ಲ ಅನ್ನುವುದು ನನಗೆ ಬಹಳ ಇಷ್ಟವಾಗಿತ್ತು.

ನಮ್ಮ ಕೆಲಸದ ಕ್ರಮ ಹೀಗಿತ್ತು. ಮೊದಲು ಅವನು ಹೇಳಿ ಹೋಗುತ್ತಿದ್ದ. ಪ್ರತಿ ಸಾಲಿನ ಕೊನೆಗೂ ಅವನ ಉಬ್ಬಸ. ಆಮೇಲೆ ನಾನು ಟೇಪ್ ಓಡಿಸಿ, ಸರಿಯಾಗಿ ಆ ಜಾಗಕ್ಕೆ ಕಾಲಡಿಯ ರೆಕಾರ್ಡಿಂಗ್ ಪೆಡಲ್ ಒತ್ತಿ ಕೊನೆಯ ಪದ ಹೇಳುತ್ತಿದ್ದೆ. ಉಬ್ಬಸ ಅಳಿಸಿಹೋಗಿ ಅಲ್ಲಿ ನನ್ನ ದನಿ ಕೂರುತ್ತಿತ್ತು. ಡ್ರಮ್ಮು, ಬೇಸು ಎಲ್ಲ ತುಂಬಿದ ಮೇಲೆ ನಮ್ಮಿಬ್ಬರ ದನಿಗೆ ಉಳಿಯುತ್ತಿದ್ದದ್ದು ಒಂದೇ ಟ್ರ್ಯಾಕು. ಪೆಡಲ್ ಒತ್ತುವ ಮೊದಲು ಆ ಉಬ್ಬಸವನ್ನು ನಾನು ಒಮ್ಮೆಯೂ ಹಾಕಿ ಕೇಳಿದವನಲ್ಲ. ಅದನ್ನು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ.

ತೊಂಬತ್ತಾರರ ಜುಲೈ. ಕೊನೆಯ ಹಾಡೊಂದು ಬಾಕಿ. ಅವತ್ತು ಡಿವಿಟ್ ನನ್ನನ್ನು ಹೊರಗಟ್ಟಿದ.

"ಹೋಗಿ ಕೋಳಿ ವಿಂಗ್ಸ್ ತಗೊಂಬಾ. ಜೇನು ಸುರಿದಿರೋ ಖಾರದ್ದು. ಓಡೋಡ್ ಬರ್ಬೇಡ."

"ಒಬ್ನೇ ಹೇಳ್ತೀಯಾ?"

"ಯಾಕೆ, ನೀನೇನ್ ನನ್ ನರ್ಸಾ?"

ನಾನು ಬಂದಾಗ ಅವನು ಬೆವರಿನಲ್ಲಿ ತೊಯ್ದು, ಅತ್ತೆಯ ಕುರ್ಚಿಯಲ್ಲಿ ಒರಗಿ ನಗುತ್ತಿದ್ದ. ವಿಂಗ್ಸ್ ಮುಟ್ಟಲೂ ಇಲ್ಲ.

"ಮೊದ್ಲು ಕೂತ್ಕೊಂಡು ಪೂರ್ತಿ ಕೇಳು" ಅಂದ.

"ಕೇಳ್ತೀನಿ ಮಾರಾಯ. ನೀನ್ ಮೊದ್ಲು ಮನೆಗ್ ಹೋಗು, ಕಣ್ಣೆಲ್ಲಾ ಹಳದಿ ಆಗಿದೆ."

"ಪೂರ್ತಿ ಕಣೋ."

ಹೊಗಳಿಸಿಕೊಳ್ಳುವ ಆಸೆ ಇವನಿಗೆ ಎಂದುಕೊಂಡೆ. ಮರುದಿನವೇ ಅವನನ್ನು ಆಸ್ಪತ್ರೆಗೆ ಸೇರಿಸಿದರು.

ಮುಂದಿನ ಸೋಮವಾರ ಒಬ್ಬನೇ ಕೂತೆ. ಆ ತಿಂಗಳೇ ಟೇಪ್ ಕಳಿಸಿ ಎಂದು ಆಲ್ಬಂ ಕಂಪನಿಯವರ ಅವಸರ. ಅವನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿಸಿಡೋಣ ಎಂದು ಅವನು ಬರೆದಿಟ್ಟ ಹಾಳೆಯನ್ನು ಎದುರಿಗಿಟ್ಟುಕೊಂಡೆ. ಹದಿನಾರು ಸಾಲು, ಹದಿನಾರು ಪೆಡಲ್. ಒಂದೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ಡಿವಿಟ್ ಆಕ್ಸಿಜನ್ ಮಾಸ್ಕನ್ನು ಬೆರಳಿನಿಂದ ಎತ್ತಿ, "ಕೇಳಿದ್ಯಾ?" ಅಂದ.

"ಕೇಳ್ದೆ. ಸಕತ್ತಾಗಿದೆ."

ಅವನ ಮುಖ ಅರಳಿತು. ನನ್ನ ಕೈಯನ್ನು ಒಮ್ಮೆ ಅದುಮಿ ಕಣ್ಣು ಮುಚ್ಚಿದ. ಗುರುವಾರ ಬೆಳಗ್ಗೆ ತೀರಿಕೊಂಡ. ವಯಸ್ಸು ಇಪ್ಪತ್ತಾರು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕರಿದ ಮೀನು, ಸ್ಪಗೆಟಿ. ಡಿವಿಟ್‌ನ ತಾಯಿ ಮಿಸ್ ಒಝೆಲ್ಲಾ ನನ್ನ ಪಕ್ಕ ಬಂದು ಕೂತರು. ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ಮಿಸ್ ಅನ್ನುವುದೇ ರೂಢಿ.

"ಕಡೇ ಹಾಡಲ್ಲಿ ಪ್ರತಿ ಸಾಲೂ ಕೊನೇವರ್ಗೂ ತಾನೇ ಹೇಳ್ದೆ ಅಂದನಪ್ಪ. ಮೂರು ತಿಂಗ್ಳು ನನ್ ಸಿಂಕ್ ಮುಂದೆ ಪಾತ್ರೆ ತೊಳೀತಾ ಉಸಿರು ಹಿಡಿಯೋದು ಕಲ್ತ. ನಿಂಗೂ ಹೇಳಿರ್ಲಿಲ್ಲ, ಆಶ್ಚರ್ಯ ಪಡಿಸ್ಬೇಕು ಅಂತ. 'ಲವೆಲ್ ಕೇಳ್ದ ಅಮ್ಮಾ, ಸಕತ್ತಾಗಿದೆ ಅಂದ' ಅಂತ ಎಷ್ಟ್ ಖುಷಿ ಗೊತ್ತಾ! ನಂಗೂ ಒಂದ್ಸಲ ಕೇಳ್ಸು."

ಸೋಮವಾರ ಪಾರ್ಲರಿಗೆ ಬನ್ನಿ ಅಂದುಬಿಟ್ಟೆ.

ಸೋಮವಾರ ಅವರು ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡೇ ಪಾರ್ಲರಿಗೆ ಬಂದರು. ಆಗಲಾದರೂ ಹೇಳಬಹುದಿತ್ತು. ನನಗೆ ಧೈರ್ಯ ಬರಲಿಲ್ಲ. ಹೇಡಿ ನಾನು, ಟೇಪ್ ಹಾಕಿದೆ. ಮೊದಲ ಸಾಲಿನ ಕೊನೆಗೆ ನನ್ನ ದನಿ. ಎರಡನೆಯದಕ್ಕೂ ನನ್ನದೇ.

"ನಿಲ್ಸು" ಅಂದರು. "ಇದು ನಿನ್ ದನಿ. ನನ್ ಮಗಂದೆಲ್ಲಿ?"

"ಅಳಿಸ್ಬಿಟ್ಟೆ ಮಿಸ್ ಒಝೆಲ್ಲಾ. ಯಾವಾಗ್ಲೂ ಅಳಿಸೋ ಹಾಗೆ. ಕೇಳ್ಲೇ ಇಲ್ಲ ನಾನು. ಕೇಳ್ದೆ ಅಂತ ಅವನ್ಹತ್ರ ಸುಳ್ಳು ಹೇಳ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಸವರಿದರು. ಆಮೇಲೆ, "ಇನ್ನೊಂದ್ಸಲ ಹಾಕು" ಅಂದರು.

ಆಗ ನಾನು ಮೊದಲ ಸಲ ಸರಿಯಾಗಿ ಕಿವಿಗೊಟ್ಟೆ. ನನ್ನ ಪದ ಮುಗಿದು ಮುಂದಿನ ಸಾಲು ಶುರುವಾಗುವ ನಡುವೆ ಅವನು ಉಸಿರು ಎಳೆದುಕೊಂಡದ್ದು ಟೇಪಿನಲ್ಲಿ ಉಳಿದಿತ್ತು. ಉಬ್ಬಸವಿಲ್ಲ, ಗಾಬರಿಯಿಲ್ಲ. ತುಂಬು ಎದೆಯ ನಿಧಾನದ ಉಸಿರು. ಹದಿನೈದೂ ಸಾಲುಗಳ ಕೊನೆಗೆ ಅದು ಹಾಗೇ ಇತ್ತು. ಹದಿನಾರನೆಯದು ಮುಗಿದ ಮೇಲೆ ಉಸಿರಿನ ಜೊತೆಗೆ ಒಂದು ಚಿಕ್ಕ ನಗು. ನನಗೆ ಅಳು ತಡೆಯಲಾಗಲಿಲ್ಲ.

ಮಿಸ್ ಒಝೆಲ್ಲಾ ಸ್ಪೀಕರಿನ ಮೇಲೆ ಅಂಗೈ ಇಟ್ಟರು. "ಇದು ಅವ್ನೇ."

"ನನ್ ದನಿ ತೆಗೆದ್ರೆ ಅಲ್ಲಿ ಬರೀ ಖಾಲಿ ಉಳಿಯುತ್ತೆ. ಟೇಪ್ ಕೆಟ್ಟಿದೆ ಅಂತಾರೆ ಕಂಪನಿಯವ್ರು. ಬೇಕಾದ್ರೆ ಇನ್ನೂ ಮೆಲ್ಲಗೆ, ಅವನ ಥರಾನೇ ಹೇಳಿ ನೋಡ್ತೀನಿ..."

"ನೀನ್ ಹೇಳಿದ್ದು ಸಾಕಪ್ಪ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ನು ಉಸಿರಾಡ್ಲಿ."

ನನ್ನ ದನಿಯ ಜಾಗದಲ್ಲಿ ಏನೂ ದಾಖಲಾಗದಿರಲಿ ಎಂದು ಮೈಕಿನ ತಂತಿ ಕಿತ್ತಿಟ್ಟೆ. ಒಂದೊಂದೇ ಸಾಲು ಓಡಿಸಿ, ಪೆಡಲ್ ಒತ್ತಿ, ಹದಿನಾರು ಕಡೆ ನನ್ನನ್ನು ಅಳಿಸಿದೆ. ಅವನ ಉಸಿರು ಶುರುವಾಗುವ ಮೊದಲೇ ಕಾಲು ತೆಗೆಯಬೇಕಿತ್ತು. ಕೊನೆಗೆ ಹಾಡನ್ನು ಮೊದಲಿಂದ ಹಾಕಿದೆ. ಖಾಲಿ ಜಾಗ ಬಂದಾಗಲೆಲ್ಲ ಮಿಸ್ ಒಝೆಲ್ಲಾರ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಸಿಂಕಿನ ಹತ್ತಿರ ಕೇಳಿ ಕೇಳಿ ಹದಿನಾರು ಪದವೂ ಅವರಿಗೆ ಬಾಯಿಪಾಠವಾಗಿತ್ತು.